ನೀಟ್ ಆದ ಮೇಲೆ: ಬಿಎಎಂಎಸ್, ಬಿಎಚ್‌ಎಂಎಸ್, ಬಿಎನ್‌ವೈಎಸ್, ಬಿಯುಎಂಎಸ್, ಯಾವುದನ್ನು ಓದಬೇಕು?

ನೀಟ್ ಫಲಿತಾಂಶ ಬಂದ ವಾರ ನನ್ನ ಫೋನ್ ಸುಮ್ಮನಿರುವುದಿಲ್ಲ. ನಾನು ಆಯುರ್ವೇದ ಕಾಲೇಜಿನಲ್ಲಿ ಪಾಠ ಮಾಡುವವಳು. ನೆಂಟರು, ನೆಂಟರ ಪಕ್ಕದ ಮನೆಯವರು, ಹಳೆಯ ವಿದ್ಯಾರ್ಥಿಗಳ ಅಣ್ಣತಮ್ಮಂದಿರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಹಾಸನದ ಕಡೆಯ ಒಬ್ಬ ತಂದೆ ಕೇಳಿದ್ದು ಹೀಗೆ: ‘ಮೇಡಂ, ಮಗಳಿಗೆ ಎಂಬಿಬಿಎಸ್ ಸಿಗೋ ಹಾಗಿಲ್ಲ. ಬಿಎಎಂಎಸ್ ಮಾಡಿಸಿದ್ರೆ ಮುಂದೆ ಇಂಗ್ಲಿಷ್ ಔಷಧಿನೂ ಕೊಡಬಹುದಲ್ವಾ?’

‘ಹಾಗೆ ಅಂದ್ಕೊಂಡು ಸೇರಿಸಬೇಡಿ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಾಗಾದ್ರೆ ಇದನ್ನ ಯಾಕೆ ಓದಬೇಕು, ಯಾವುದನ್ನ ಓದಬೇಕು ಅಂತ ನೀವೇ ಹೇಳಿ’ ಎಂದರು. ಅವತ್ತು ಅವರಿಗೆ ಹೇಳಿದ್ದನ್ನೇ ಸ್ವಲ್ಪ ಜಾಸ್ತಿ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಬಿಎಎಂಎಸ್ ಎಂದರೆ ಆಯುರ್ವೇದದ ಪದವಿ, ಬಿಎಚ್‌ಎಂಎಸ್ ಹೋಮಿಯೋಪಥಿಯದು, ಬಿಎನ್‌ವೈಎಸ್ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ್ದು, ಬಿಯುಎಂಎಸ್ ಯುನಾನಿಯದು.

ಇಂಗ್ಲಿಷ್ ಔಷಧಿಯ ಪ್ರಶ್ನೆ

ಇದನ್ನು ಮೊದಲೇ ಮುಗಿಸಿಬಿಡೋಣ. ಮುಂಬೈಯಲ್ಲಿ ಒಬ್ಬ ಹೋಮಿಯೋಪಥಿ ವೈದ್ಯರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟರು. ರೋಗಿ ಉಳಿಯಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಾನು ಓದದ ಪದ್ಧತಿಯ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ ಎಂದು 1996ರಲ್ಲಿ ಕೋರ್ಟ್ ಹೇಳಿತು. ರೋಗಿಯ ಹೆಂಡತಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1998ರ ಇನ್ನೊಂದು ತೀರ್ಪಿನ ಪ್ರಕಾರ, ಭಾರತೀಯ ಪದ್ಧತಿಯ ವೈದ್ಯರು ಅಲೋಪಥಿ ಬರೆಯಬೇಕಾದರೆ ಅವರ ರಾಜ್ಯದ ಕಾನೂನು ಒಪ್ಪಬೇಕು. ಪಕ್ಕದ ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದಿ, ಒಂದು ವರ್ಷದ ಔಷಧಶಾಸ್ತ್ರದ ಕೋರ್ಸ್ ಮಾಡಿದ ಹೋಮಿಯೋಪಥಿ ವೈದ್ಯರಿಗೆ ದಾರಿ ಮಾಡಿಕೊಟ್ಟಿತು. ಅಲ್ಲಿಯ ಅಕ್ಕ-ಭಾವ ಮಾಡುತ್ತಿದ್ದಾರೆ ಎಂದು ಇಲ್ಲಿ ಲೆಕ್ಕ ಹಾಕಬೇಡಿ. ಒಂದು ರಾಜ್ಯದ ನಿಯಮ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲ.

ಸಂಬಳದ ವಿಷಯವೂ ಗೊತ್ತಿರಲಿ. ಗುಜರಾತಿನ ಸರ್ಕಾರಿ ಆಯುರ್ವೇದ ವೈದ್ಯರು ಎಂಬಿಬಿಎಸ್ ವೈದ್ಯರಷ್ಟೇ ಸಂಬಳ ಬೇಕು ಎಂದು ಕೇಳಿದ್ದರು. ತುರ್ತು ಚಿಕಿತ್ಸೆ, ಕಷ್ಟದ ಶಸ್ತ್ರಚಿಕಿತ್ಸೆ, ಮರಣೋತ್ತರ ಪರೀಕ್ಷೆ ಇವರ ಕೆಲಸದಲ್ಲಿ ಬರುವುದಿಲ್ಲ, ಹಾಗಾಗಿ ಸಮಾನ ಕೆಲಸ ಎನ್ನಲಾಗದು ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಸಹೋದ್ಯೋಗಿಗಳಲ್ಲಿ ತುಂಬಾ ಜನ ಬೇಸರಪಟ್ಟರು. ನನಗೂ ಬೇಸರವಾಯಿತು. ಆದರೆ ಹದಿನೇಳು ವರ್ಷದ ಮಗುವಿನಿಂದ ಇದನ್ನು ಮುಚ್ಚಿಟ್ಟು ಕೋರ್ಸಿಗೆ ಸೇರಿಸಿಕೊಳ್ಳುವುದು ತಪ್ಪು.

ಇಷ್ಟು ಕೇಳಿದ ಮೇಲೂ ‘ಈ ಪದ್ಧತಿಯ ವೈದ್ಯೆಯೇ ಆಗ್ತೀನಿ’ ಎನ್ನುವ ಮಕ್ಕಳಿಗೆ ಮುಂದಿನದು.

ಎಲ್ಲದಕ್ಕೂ ಒಂದೇ ಆಗಿರುವುದು

ನಾಲ್ಕೂ ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎಂಬಿಬಿಎಸ್ಸಿಗೂ ಅಷ್ಟೇ. ಅಂದರೆ ‘ಬೇಗ ಮುಗಿಯುತ್ತೆ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕರ್ನಾಟಕದಲ್ಲಿ ಈ ಕಾಲೇಜುಗಳಲ್ಲಿ ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಎಲ್ಲ ಕಡೆ ಮೊದಲ ವರ್ಷವೇ ಹೆಣ ಕೊಯ್ದು ಅಂಗರಚನೆ ಕಲಿಸುತ್ತಾರೆ.

ಬಿಎಎಂಎಸ್, ಬಿಎಚ್‌ಎಂಎಸ್, ಬಿಯುಎಂಎಸ್ ಮೂರಕ್ಕೂ ನೀಟ್ ಬೇಕೇ ಬೇಕು. ಬಿಎನ್‌ವೈಎಸ್ ಸೀಟನ್ನು ನಮ್ಮ ರಾಜ್ಯದಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಇಷ್ಟು ವರ್ಷ ಸಿಇಟಿ ರ‍್ಯಾಂಕ್ ಮೇಲೆ ಕೊಡುತ್ತಾ ಬಂದಿದೆ. ಇದು ತುಂಬಾ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ನೀಟ್ ಕೈಕೊಟ್ಟರೂ ಸಿಇಟಿ ಚೆನ್ನಾಗಿ ಮಾಡಿದ ಮಕ್ಕಳಿಗೆ ಆ ಬಾಗಿಲು ಇದೆ. ನಿಮ್ಮ ವರ್ಷದ ಮಾಹಿತಿ ಪುಸ್ತಿಕೆಯನ್ನು ಮಾತ್ರ ತಪ್ಪದೆ ಓದಿ.

ಬಿಎಎಂಎಸ್: ಎರಡು ಭಾಷೆಯ ಓದು

ನನ್ನದೇ ಕೋರ್ಸು. ಪ್ರೀತಿ ಜಾಸ್ತಿ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಮೊದಲ ದಿನ ಹುಡುಗರು ಹೆದರುವುದು ಸಂಸ್ಕೃತಕ್ಕೆ. ಮೊದಲ ಹಂತದ ಒಂದೂವರೆ ವರ್ಷದಲ್ಲಿ ಸಂಸ್ಕೃತ, ಪದಾರ್ಥ ವಿಜ್ಞಾನ, ಶರೀರ ರಚನೆ, ಶರೀರ ಕ್ರಿಯೆ, ಜೊತೆಗೆ ಅಷ್ಟಾಂಗ ಹೃದಯ ಮತ್ತು ಚರಕ ಸಂಹಿತೆಯ ಸೂತ್ರಸ್ಥಾನದ ಅಧ್ಯಾಯಗಳು. ಪಿಯುನಲ್ಲಿ ಸಂಸ್ಕೃತ ಓದದವರೂ ಆರು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಕನ್ನಡ ಮಾಧ್ಯಮದವರಿಗೆ ನಿಜವಾಗಿ ಇದು ಅನುಕೂಲ. ‘ಅಗ್ನಿ’, ‘ರಸ’, ‘ಧಾತು’, ‘ಅಜೀರ್ಣ’ ಅವರ ಕಿವಿಗೆ ಹೊಸತಲ್ಲ. ಇಂಗ್ಲಿಷಿನ ಅನಾಟಮಿ ಪುಸ್ತಕವೇ ಅವರಿಗೆ ಜಾಸ್ತಿ ಕಷ್ಟ ಕೊಡುತ್ತದೆ.

ನಿಜವಾದ ಕಷ್ಟ ಇನ್ನೊಂದು ಕಡೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ವಾತ-ಪಿತ್ತ-ಕಫದ ಪಾಠ, ಹತ್ತಕ್ಕೆ ಹಾರ್ಮೋನಿನ ಪಾಠ. ಒಂದೇ ದೇಹ, ಎರಡು ವಿವರಣೆ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಕೆಲವು ಮಕ್ಕಳು ಒದ್ದಾಡುತ್ತಾರೆ, ಕೆಲವರು ಅದನ್ನೇ ಇಷ್ಟಪಡುತ್ತಾರೆ. ನಿಮ್ಮ ಮಗ ಅಥವಾ ಮಗಳು ಎರಡರಲ್ಲಿ ಯಾವ ಥರ ಎಂದು ನಿಮಗೇ ಗೊತ್ತಿರುತ್ತದೆ.

ಈ ಜಗಳ ಇವತ್ತಿನದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಎರಡನ್ನೂ ಬೆರೆಸಿ ಕಲಿಸುವ ಮಿಶ್ರ ಕೋರ್ಸುಗಳು ದೇಶದ ಹಲವೆಡೆ ಇದ್ದವು. 1948ರ ಚೋಪ್ರಾ ಸಮಿತಿ ಬೆರಸುವುದೇ ಸರಿ ಎಂದಿತ್ತು. 1958ರ ಸಮಿತಿಯ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ಡಾ. ಕೆ. ಎನ್. ಉಡುಪ. ಮೊದಲು ಆಯುರ್ವೇದ ಓದಿ, ಆಮೇಲೆ ಆಧುನಿಕ ಶಸ್ತ್ರಚಿಕಿತ್ಸೆ ಕಲಿತು, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಕಟ್ಟಿದವರು. ಎರಡೂ ಕಡೆ ಕಂಡಿದ್ದ ಅವರೂ ಬೆರಸುವ ಕಡೆಗೇ ಇದ್ದರು. ಆದರೆ 1960ರ ದಶಕದಲ್ಲಿ ‘ಶುದ್ಧ ಆಯುರ್ವೇದ’ ಬೇಕು ಎನ್ನುವವರ ಕೈ ಮೇಲಾಯಿತು. ಭಾರತೀಯ ಪದ್ಧತಿಗಳ ಓದಿಗೆಂದೇ 1970ರ ಕಾಯ್ದೆ ಬಂದು, ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಆಯಿತು. ಈಗಿನ ಬಿಎಎಂಎಸ್ ಈ ಎರಡರ ನಡುವಿನ ರಾಜಿ. 2020ರ ಕಾಯ್ದೆಯ ಮೇಲೆ ಬಂದ ಹೊಸ ಆಯೋಗ ಪಠ್ಯವನ್ನು ಸಾಕಷ್ಟು ತಿದ್ದಿದೆ. ಸಂಶೋಧನಾ ವಿಧಾನ, ತುರ್ತು ಚಿಕಿತ್ಸೆ ಕೊನೆಯ ಹಂತದಲ್ಲಿ ಸೇರಿವೆ. ನನ್ನ ಕಾಲದಲ್ಲಿ ಇವು ಇಷ್ಟು ಇರಲಿಲ್ಲ.

ಆಯುರ್ವೇದದ ಗಟ್ಟಿ ಜಾಗ ಯಾವುದು? ನನ್ನ ಅನುಭವದಲ್ಲಿ ಪಂಚಕರ್ಮ, ಮತ್ತು ಮೂಲವ್ಯಾಧಿ-ಭಗಂದರದ (ಫಿಸ್ಟುಲಾ) ಚಿಕಿತ್ಸೆ. ಭಗಂದರಕ್ಕೆ ಕಟ್ಟುವ ಕ್ಷಾರಸೂತ್ರವನ್ನು, ಅಂದರೆ ಔಷಧ ಹಚ್ಚಿದ ದಾರವನ್ನು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಸ್ತ್ರಚಿಕಿತ್ಸೆಯ ಜೊತೆ ಹೋಲಿಸಿ ನೋಡಿತು. ಫಲಿತಾಂಶ 1991ರಲ್ಲಿ ಬಂತು. ಗಾಯ ಮಾಯಲು ದಾರಕ್ಕೆ ಜಾಸ್ತಿ ದಿನ ಬೇಕು, ಆದರೆ ಕಾಯಿಲೆ ಮರಳಿ ಬರುವುದು ಕಡಿಮೆ. ಇಂಥ ಪರೀಕ್ಷೆಗಳು ಇನ್ನೂ ಹತ್ತು ಪಟ್ಟು ಆಗಬೇಕಿತ್ತು ಎಂಬುದು ನನ್ನ ಕೊರಗು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ಅದನ್ನು ಬಳಸಿತು. ಬರೆದದ್ದು ಹೃದಯದ ವೈದ್ಯರು, ನಮ್ಮ ಪೈಕಿಯವರಲ್ಲ.

ಎಚ್ಚರದ ಮಾತೂ ಇದೆ. ಪಾದರಸ, ಸೀಸ ಇರುವ ರಸೌಷಧಿಗಳನ್ನು ಪಾಠದಲ್ಲಿ ಕಲಿಸುತ್ತಾರೆ. ವಿಷದ ಪಟ್ಟಿಯಲ್ಲಿರುವ ದ್ರವ್ಯ ಸೇರಿದ ಔಷಧಕ್ಕೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಿ ಎಂಬ ಎಚ್ಚರಿಕೆಯನ್ನು ಕಾನೂನೇ ಕಡ್ಡಾಯ ಮಾಡಿದೆ. ‘ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ’ ಎಂದು ಹೇಳಿಕೊಡುವ ಮೇಷ್ಟ್ರು ಸಿಕ್ಕರೆ ಆ ಮಾತನ್ನು ನಂಬಬೇಡಿ. ನಾನು ನನ್ನ ತರಗತಿಯಲ್ಲಿ ಅದನ್ನು ಹೇಳುವುದಿಲ್ಲ.

ಮುಂದಿನ ದಾರಿ: ಎಂಡಿ ಅಥವಾ ಎಂಎಸ್ ಮೂರು ವರ್ಷ. ಶಲ್ಯ (ಶಸ್ತ್ರಚಿಕಿತ್ಸೆ), ಶಾಲಾಕ್ಯದಲ್ಲಿ (ಕಣ್ಣು-ಕಿವಿ-ಮೂಗು-ಗಂಟಲಿನ ಚಿಕಿತ್ಸೆ) ಎಂಎಸ್ ಮಾಡುವವರಿಗೆ 58 ಶಸ್ತ್ರಕರ್ಮಗಳಲ್ಲಿ ತರಬೇತಿ ಕೊಡಬಹುದು ಎಂದು 2020ರ ನವೆಂಬರ್‌ನಲ್ಲಿ ಅಧಿಸೂಚನೆ ಬಂತು. 39 ಸಾಮಾನ್ಯ ಶಸ್ತ್ರಚಿಕಿತ್ಸೆಯವು, 19 ಕಣ್ಣು-ಕಿವಿ-ಮೂಗು-ಗಂಟಲು-ಹಲ್ಲಿನವು. ಅಲೋಪಥಿ ವೈದ್ಯರ ಸಂಘ ದೇಶದಾದ್ಯಂತ ಪ್ರತಿಭಟನೆ ಮಾಡಿತು. ಅಧಿಸೂಚನೆಯಲ್ಲಿ ಹೆಸರಿರುವುದು ಬೇರೆ, ಕೈಗೆ ಪಳಗುವುದು ಬೇರೆ. ನೀವು ಸೇರುವ ಕಾಲೇಜಿನ ಆಪರೇಷನ್ ಥಿಯೇಟರ್‌ನಲ್ಲಿ ವಾರಕ್ಕೆ ಎಷ್ಟು ಕೇಸು ನಡೆಯುತ್ತದೆ ಎಂದು ಕೇಳಿ.

ಸರ್ಕಾರಿ ಕೆಲಸಕ್ಕೆ ಈ ಪದ್ಧತಿಗಳನ್ನೆಲ್ಲ ನೋಡಿಕೊಳ್ಳುವ ಆಯುಷ್ ಇಲಾಖೆ ಇದೆ. ಶಾಲೆ-ಅಂಗನವಾಡಿ ಮಕ್ಕಳ ಆರೋಗ್ಯ ತಪಾಸಣೆಗೆ ಹೋಗುವ ಆರ್‌ಬಿಎಸ್‌ಕೆ ತಂಡಗಳಲ್ಲಿ ಆಯುಷ್ ವೈದ್ಯರೇ ಇರುತ್ತಾರೆ. ಅದು ಗುತ್ತಿಗೆಯ ಕೆಲಸ. ಆದರೂ ನನ್ನ ವಿದ್ಯಾರ್ಥಿನಿಯೊಬ್ಬಳು ಆ ಕೆಲಸದಲ್ಲಿ ಹುಟ್ಟಿನಿಂದ ಹೃದಯದ ತೊಂದರೆ ಇದ್ದ ಮಗುವನ್ನು ಹಳ್ಳಿ ಶಾಲೆಯಲ್ಲಿ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ದಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದನ್ನು ಅವಳು ಕಾಲೇಜಿನಲ್ಲಿ ಚೆನ್ನಾಗಿ ಕಲಿತಿದ್ದಳು.

ಬಿಎನ್‌ವೈಎಸ್: ಔಷಧ ಇಲ್ಲದ ವೈದ್ಯಕೀಯ

ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಇದರಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರು. ಉಜಿರೆಯ ಎಸ್‌ಡಿಎಂ ಕಾಲೇಜು 1989ರಲ್ಲಿ ಶುರುವಾಯಿತು. ಮೂಡುಬಿದಿರೆಯಲ್ಲಿ ಆಳ್ವಾಸ್ ಇದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜು ಇದೆ.

ಪಠ್ಯದಲ್ಲಿ ಅಂಗರಚನೆ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ ಎಲ್ಲ ಆಧುನಿಕ ವಿಷಯಗಳೇ. ಅದರ ಮೇಲೆ ಜಲ ಚಿಕಿತ್ಸೆ, ಮಣ್ಣಿನ ಪಟ್ಟಿ, ಉಪವಾಸ, ಪಥ್ಯಾಹಾರ, ಯೋಗ, ಅಕ್ಯುಪಂಕ್ಚರ್. ಆಯುರ್ವೇದದ ಹುಡುಗರಿಗೆ ಇರುವ ಎರಡು ಭಾಷೆಯ ಗೊಂದಲ ಇಲ್ಲಿ ಕಡಿಮೆ. ದೇಹದ ವಿವರಣೆ ಒಂದೇ, ಚಿಕಿತ್ಸೆ ಮಾತ್ರ ಬೇರೆ. ಸಕ್ಕರೆ ಕಾಯಿಲೆ, ಬೊಜ್ಜು, ಬೆನ್ನುನೋವು, ನಿದ್ದೆ ಬಾರದವರು ಇಂಥವರ ಜೊತೆ ಕೂತು ಊಟ-ನಿದ್ದೆ ತಿದ್ದುವುದು ಇವರ ಮುಖ್ಯ ಕೆಲಸ. ಮಾತು ಬಲ್ಲ, ತಾಳ್ಮೆ ಇರುವ ಮಕ್ಕಳಿಗೆ ಇದು ತುಂಬಾ ಹೊಂದುತ್ತದೆ. ಬೆಳಿಗ್ಗೆ ಐದೂವರೆಗೆ ಏಳಲು ಆಗದ ಮಕ್ಕಳಿಗೆ ಹಾಸ್ಟೆಲ್ ಕಷ್ಟವಾದೀತು.

ಕೊರತೆ ಕಾನೂನಿನಲ್ಲಿದೆ. 2020ರ ಭಾರತೀಯ ವೈದ್ಯ ಪದ್ಧತಿಗಳ ಕಾಯ್ದೆ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾ (ಟಿಬೆಟಿನ ವೈದ್ಯ ಪದ್ಧತಿ) ನಾಲ್ಕನ್ನೇ ಹಿಡಿದಿದೆ. ಪ್ರಕೃತಿ ಚಿಕಿತ್ಸೆ ಅದರಲ್ಲಿಲ್ಲ. ಕರ್ನಾಟಕದಲ್ಲಿ ರಾಜ್ಯ ಮಂಡಳಿ ಇವರನ್ನು ನೋಂದಾಯಿಸುತ್ತದೆ, ಹಾಗಾಗಿ ಇಲ್ಲೇ ಇರುವವರಿಗೆ ತೊಂದರೆ ಇಲ್ಲ. ಮದುವೆಯಾಗಿ ಅಥವಾ ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ, ಆ ರಾಜ್ಯದಲ್ಲಿ ನೋಂದಣಿ ಇದೆಯಾ ಎಂದು ಈಗಲೇ ವಿಚಾರಿಸಿ.

ಬಿಎಚ್‌ಎಂಎಸ್

ಇಲ್ಲಿ ನಾನು ನೇರವಾಗಿ ಮಾತಾಡಬೇಕು. ನನ್ನ ಒಳ್ಳೆಯ ಸ್ನೇಹಿತೆಯೊಬ್ಬಳು ಹೋಮಿಯೋಪಥಿ ವೈದ್ಯೆ, ಅವಳು ಇದನ್ನು ಒಪ್ಪುವುದಿಲ್ಲ. ಹೋಮಿಯೋಪಥಿಯ ಔಷಧಗಳನ್ನು ಎಷ್ಟು ತೆಳು ಮಾಡುತ್ತಾರೆಂದರೆ, 30ಸಿ ಎಂದರೆ ನೂರರಲ್ಲಿ ಒಂದು ಭಾಗದಂತೆ ಮೂವತ್ತು ಸಲ. ಮೂಲ ದ್ರವ್ಯದ ಒಂದು ಅಣುವೂ ಉಳಿಯುವ ಸಂಭವ ಇಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನೆಲ್ಲ ಜಾಲಾಡಿ, ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಆಧಾರ ಯಾವ ಕಾಯಿಲೆಗೂ ಸಿಗಲಿಲ್ಲ ಎಂದಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆ 2017ರಲ್ಲಿ ಹೋಮಿಯೋಪಥಿ ಬರೆಯುವುದನ್ನು ನಿಲ್ಲಿಸಿ ಎಂದು ವೈದ್ಯರಿಗೆ ಸಲಹೆ ಕೊಟ್ಟಿತು. ವಿಜ್ಞಾನ ಓದಿ ಬಂದ ಮಕ್ಕಳಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಸೇರುವ ಮೊದಲೇ ಎದುರಾದರೆ ಒಳ್ಳೆಯದು.

ಇನ್ನೊಂದು ಬದಿಯೂ ಇದೆ. ರೋಗಿಯ ಮಾತು ಕೇಳುವುದನ್ನು ಇವರಷ್ಟು ಶಿಸ್ತಾಗಿ ಬೇರೆ ಯಾರಿಗೂ ಕಲಿಸುವುದಿಲ್ಲ. ಒಬ್ಬ ರೋಗಿಯ ಕೇಸ್ ತೆಗೆದುಕೊಳ್ಳಲು ಮುಕ್ಕಾಲು ಗಂಟೆ ಕೂರುತ್ತಾರೆ. ಹೋಮಿಯೋಪಥಿಯನ್ನು ಹುಟ್ಟುಹಾಕಿದ ಹಾನಿಮನ್ 1810ರಲ್ಲಿ ಬರೆದ ಆರ್ಗನಾನ್ ಪುಸ್ತಕ ಇವರಿಗೆ ಇವತ್ತಿಗೂ ಪಠ್ಯ. ನಮ್ಮ ನಾಡಿನಲ್ಲಿ ಇದರ ಬೇರು ಹಳೆಯದು. ಜರ್ಮನಿಯ ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಕೂತರು. ಅದೇ ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಈಗ ಆ ಸಂಸ್ಥೆಯಲ್ಲಿ ಎಂಬಿಬಿಎಸ್ ಕಾಲೇಜೂ ಇದೆ, ಹೋಮಿಯೋಪಥಿ ಕಾಲೇಜೂ ಇದೆ. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜು ಇದೆ. ಒಬ್ಬರೇ ಸಣ್ಣ ಬಂಡವಾಳದಲ್ಲಿ ಕ್ಲಿನಿಕ್ ತೆರೆಯುವುದು ನಾಲ್ಕರಲ್ಲಿ ಇದರಲ್ಲೇ ಸುಲಭ.

ನನ್ನನ್ನೇ ಕೇಳಿದರೆ, ಆಯುರ್ವೇದವೂ ಸಿಗುತ್ತದೆ, ಹೋಮಿಯೋಪಥಿಯೂ ಸಿಗುತ್ತದೆ ಎಂದಾದರೆ ನಾನು ಇದನ್ನು ಮೊದಲಿಗೆ ಇಡುವುದಿಲ್ಲ.

ಬಿಯುಎಂಎಸ್ ಮತ್ತು ಉಳಿದವು

ಯುನಾನಿಗೆ ಉರ್ದು ಬೇಕು. ಹತ್ತನೇ ತರಗತಿಯಲ್ಲಿ ಓದಿರದಿದ್ದರೆ ನಿಯಮ ಏನಿದೆ ಎಂದು ಮೊದಲೇ ನೋಡಿ. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜು ಇದೆ, ವಿಜಯಪುರದಲ್ಲಿ ಲುಕ್ಮಾನ್ ಕಾಲೇಜು ಇದೆ. ಎಂಡಿಗೆ ದೇಶದ ಎಲ್ಲ ಕಡೆಯಿಂದ ಜನ ಬರುವ ರಾಷ್ಟ್ರೀಯ ಯುನಾನಿ ಸಂಸ್ಥೆ ಬೆಂಗಳೂರಿನಲ್ಲೇ, ಮಾಗಡಿ ರಸ್ತೆಯಲ್ಲಿದೆ. ಉರ್ದು ಮನೆಮಾತಾಗಿರುವ ಕಲಬುರಗಿ, ಬೀದರ್, ವಿಜಯಪುರದ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯ ಅವಕಾಶ. ಸಿದ್ಧ ವೈದ್ಯಕ್ಕೆ ತಮಿಳುನಾಡಿಗೋ ಕೇರಳಕ್ಕೋ ಹೋಗಬೇಕು, ತಮಿಳು ಬೇಕು.

ಇವುಗಳ ಜೊತೆ ಎಲೆಕ್ಟ್ರೋ ಹೋಮಿಯೋಪಥಿ, ‘ಆಲ್ಟರ್ನೇಟಿವ್ ಮೆಡಿಸಿನ್‌ನಲ್ಲಿ ಎಂಡಿ’ ಎಂಬ ಹೆಸರಿನ ಅಂಚೆ ಕೋರ್ಸುಗಳ ಜಾಹೀರಾತು ಬರುತ್ತದೆ. ಎಲೆಕ್ಟ್ರೋ ಹೋಮಿಯೋಪಥಿಯಂಥವಕ್ಕೆ ಪದವಿ ಕೊಡಲು ಬಿಡಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆ 2003ರಲ್ಲೇ ರಾಜ್ಯಗಳಿಗೆ ಹೇಳಿದೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ.

ಎಂಬಿಬಿಎಸ್ ಸೀಟು ಸಿಕ್ಕಿದೆ, ಆಯುರ್ವೇದದ ಮೇಲೂ ಆಸೆ ಇದೆ ಎನ್ನುವವರೂ ಇರುತ್ತಾರೆ. 2021ರ ಇಂಟರ್ನ್‌ಶಿಪ್ ನಿಯಮದಲ್ಲಿ ಭಾರತೀಯ ಪದ್ಧತಿಗೆ ಒಂದು ವಾರ ಇಟ್ಟಿದ್ದಾರೆ. ಪರಿಚಯಕ್ಕೆ ಅಷ್ಟೇ ಸಾಕು, ಕಲಿಕೆಗೆ ಸಾಲದು.

ಕೋರ್ಸಿಗಿಂತ ಕಾಲೇಜು

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ರೋಗಿಗಳಿಲ್ಲದ ಬಿಎಎಂಎಸ್ ಕಾಲೇಜಿಗಿಂತ ರೋಗಿಗಳಿರುವ ಬಿಎಚ್‌ಎಂಎಸ್ ಕಾಲೇಜು ಮೇಲು.

ನಾನು ಓದಿದ ಕಾಲೇಜಿನ ಆಸ್ಪತ್ರೆ ಹೆಚ್ಚಿನ ದಿನ ಖಾಲಿ ಇರುತ್ತಿತ್ತು. ಇನ್‌ಸ್ಪೆಕ್ಷನ್ ದಿನ ಮಾತ್ರ ಹಾಸಿಗೆ ತುಂಬುತ್ತಿತ್ತು. ಅಕ್ಕಪಕ್ಕದ ಹಳ್ಳಿಯವರನ್ನು ಟೆಂಪೋದಲ್ಲಿ ಕರೆತಂದು, ಊಟ ಕೊಟ್ಟು ಮಲಗಿಸುತ್ತಿದ್ದರು. ನಾವು ಅವರ ಹೆಸರಿಗೆ ಕೇಸ್ ಶೀಟ್ ಬರೆಯುತ್ತಿದ್ದೆವು. ಹಾಜರಿಯಲ್ಲಿದ್ದ ಕೆಲವು ಮೇಷ್ಟ್ರುಗಳ ಮುಖ ನಾವು ಅವತ್ತೇ ಮೊದಲು ನೋಡಿದ್ದು. ಇಂಟರ್ನ್‌ಶಿಪ್ಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಹಾಕಿದಾಗ ನನಗೆ ರಕ್ತದೊತ್ತಡ ನೋಡಲೂ ಕೈ ನಡುಗಿತ್ತು. ಅಲ್ಲಿಯ ಒಬ್ಬ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಸಿದರು. ಐದು ವರ್ಷ ಕಳೆದ ಮೇಲೆ ಹೊಸದಾಗಿ ಶುರುಮಾಡಿದ ಆ ನೋವು ಇನ್ನೊಬ್ಬರ ಮಗುವಿಗೆ ಬೇಡ.

ಹಾಗಾಗಿ ಹೋಗಿ ನೋಡಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಯಾರಿಗೂ ಹೇಳದೆ. ಪ್ರಿನ್ಸಿಪಾಲರ ಕೋಣೆಗೆ ಹೋಗಬೇಡಿ, ಓಪಿಡಿ ಚೀಟಿ ಮಾಡಿಸುವ ಕೌಂಟರ್ ಎದುರಿನ ಬೆಂಚಿನಲ್ಲಿ ಒಂದು ಗಂಟೆ ಕೂರಿ. ಆಯುರ್ವೇದ ಕಾಲೇಜಿಗೆ 2016ರ ನಿಯಮದ ಲೆಕ್ಕ ಹೀಗಿತ್ತು: ಸೀಟಿಗೊಂದು ಹಾಸಿಗೆ, ಸೀಟಿಗೆ ದಿನಕ್ಕೆ ಇಬ್ಬರು ಹೊರರೋಗಿಗಳು. 100 ಸೀಟಿನ ಕಾಲೇಜಾದರೆ ದಿನಕ್ಕೆ 200 ಜನ ಬರಬೇಕಿತ್ತು. ಒಂದು ಗಂಟೆಯಲ್ಲಿ ನಾಲ್ಕು ಜನ ಬಂದರೆ ನಿಮಗೆ ಉತ್ತರ ಸಿಕ್ಕಿತು.

ಆಮೇಲೆ ಪಂಚಕರ್ಮ ವಿಭಾಗದ ಕಡೆ ನಡೆಯಿರಿ. ನಿಜವಾಗಿ ನಡೆಯುವ ಕಡೆ ಬಾಗಿಲಲ್ಲೇ ಎಣ್ಣೆ ವಾಸನೆ ಬರುತ್ತದೆ. ಫಾರ್ಮಸಿಯಲ್ಲಿ ಕಷಾಯ ಕುದಿಯುತ್ತಾ ಇದೆಯಾ, ಪಾತ್ರೆಯ ಮೇಲೆ ಧೂಳು ಕೂತಿದೆಯಾ ನೋಡಿ. ಕ್ಯಾಂಟೀನಿನಲ್ಲಿ ಇಂಟರ್ನ್‌ಗಳು ಸಿಗುತ್ತಾರೆ. ‘ಕಾಲೇಜು ಹೇಗಿದೆ’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ. ‘ಹೋದ ವಾರ ಎಷ್ಟು ಬಸ್ತಿ (ಪಂಚಕರ್ಮದ ಎನಿಮಾ) ಕೊಟ್ರಿ? ಎಷ್ಟು ಹೆರಿಗೆ ನೋಡಿದ್ರಿ?’ ಎಂದು ಕೇಳಿ. ಕೆಲಸ ಮಾಡಿದವರು ಯೋಚನೆ ಮಾಡದೆ ಸಂಖ್ಯೆ ಹೇಳುತ್ತಾರೆ.

ನಮ್ಮ ರಾಜ್ಯದಲ್ಲಿ ಹಳೆಯ ಕಾಲೇಜುಗಳಿಗೆ ಈ ವಿಷಯದಲ್ಲಿ ಅನುಕೂಲ ಇದೆ, ಏಕೆಂದರೆ ಜನರಿಗೆ ಬಂದು ಬಂದು ರೂಢಿ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರದು. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ. ಎಂ. ಕಂಕನವಾಡಿ ಕಾಲೇಜು 1933ರದು, ಉಡುಪಿ ಕುತ್ಪಾಡಿಯ ಎಸ್‌ಡಿಎಂ 1958ರದು. ಬೆಂಗಳೂರಿನ ಧನ್ವಂತರಿ ರಸ್ತೆಯ ಸರ್ಕಾರಿ ಕಾಲೇಜಿನ ಆಸ್ಪತ್ರೆ ಮೆಜೆಸ್ಟಿಕ್‌ನಿಂದ ನಡೆದುಕೊಂಡು ಹೋಗುವ ದೂರದಲ್ಲಿದೆ. ಹೊಸ ಕಾಲೇಜು ಎಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹೊಸದಕ್ಕೆ ಹೋಗುವವರು ಬೆಂಚಿನ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು, ಅಷ್ಟೇ.

ಆಪ್ಷನ್ ಎಂಟ್ರಿ ಮಾಡುವಾಗ

ಸೀಟಿಗಾಗಿ ಬೇಕಾದ ಕಾಲೇಜುಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ತುಂಬಾ ಜನ ಮೊದಲು ಬಿಎಎಂಎಸ್ ಕಾಲೇಜುಗಳನ್ನೆಲ್ಲ ಸಾಲಾಗಿ ಹಾಕಿ, ಅದರ ಕೆಳಗೆ ಬಿಎಚ್‌ಎಂಎಸ್ ಹಾಕುತ್ತಾರೆ. ಹಾಗೆ ಮಾಡಬೇಡಿ. ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ ಮೊದಲು ಸಿಗುವ ಸೀಟನ್ನೇ ಕೊಡುತ್ತಾರೆ. ನೀವು ನೋಡಿ ಬಂದು ಬೇಡ ಎಂದುಕೊಂಡ ಕಾಲೇಜನ್ನು ಪಟ್ಟಿಯಲ್ಲಿ ಇಡಲೇಬೇಡಿ. ಕೋರ್ಸು ಬೆರೆತರೂ ಪರವಾಗಿಲ್ಲ. ಸರ್ಕಾರಿ ಬಿಎಎಂಎಸ್, ಆಮೇಲೆ ಚೆನ್ನಾಗಿ ನಡೆಯುವ ಖಾಸಗಿ ಬಿಎಎಂಎಸ್, ಆಮೇಲೆ ಒಳ್ಳೆಯ ಬಿಎಚ್‌ಎಂಎಸ್, ಹೀಗೆ. ಬಿಎನ್‌ವೈಎಸ್ ಕೌನ್ಸೆಲಿಂಗ್ ಬೇರೆ ನಡೆಯುವುದರಿಂದ ಅದರ ದಿನಾಂಕಗಳನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ನೀಟ್ ಸೀಟಿಗೆ ಕಾಯುತ್ತಾ ಕೂತು ಅದು ಕೈತಪ್ಪಿದ ಮಕ್ಕಳನ್ನು ನಾನು ಕಂಡಿದ್ದೇನೆ. ದೇಶದ ಕೋಟಾದ ಶೇ. 15 ಸೀಟುಗಳಿಗೆ ಆಯುಷ್ ಸಮಿತಿಯ ಕೌನ್ಸೆಲಿಂಗ್ ಇನ್ನೂ ಬೇರೆ, ಅದಕ್ಕೆ ಪ್ರತ್ಯೇಕವಾಗಿ ನೋಂದಣಿ ಮಾಡಬೇಕು.

ಹಾಸನದ ಆ ತಂದೆ ಮಗಳನ್ನು ಕರೆದುಕೊಂಡು ಮೂರು ಕಾಲೇಜಿಗೆ ಹೋಗಿ ಬಂದರು. ರಾತ್ರಿ ಫೋನ್ ಮಾಡಿದ್ದು ಮಗಳು. ‘ಮೇಡಂ, ಎರಡನೇ ಕಾಲೇಜಲ್ಲಿ ಒಬ್ಬರು ಅಜ್ಜಿ ನನ್ನನ್ನೇ ಡಾಕ್ಟ್ರು ಅಂದ್ಕೊಂಡು ಮೊಣಕಾಲು ತೋರಿಸಿದ್ರು’ ಎಂದಳು. ಅವಳು ಅದನ್ನೇ ಪಟ್ಟಿಯ ಮೊದಲಿಗೆ ಹಾಕಿದಳು.